ಸುತ್ತಿ ಬಳಸಿ ಮಾತಾಡಿದ ದಿನ

ನಮ್ಮ ಊರಿಗೆ ಮೊದಲ ಸಲ ಫೋನು ಬಂದಾಗ ನಾನಿನ್ನೂ ಶಾಲೆಯಲ್ಲಿದ್ದೆ. ಅಂಚೆ ಕಚೇರಿಯ ಜಗಲಿಯ ಮೇಲೆ ಒಂದು ಸ್ಟೂಲು ಹಾಕಿ, ಅದರ ಮೇಲೆ ಕಪ್ಪು ಫೋನು ಇಟ್ಟಿದ್ದರು. ಸರದಿ ಬಂದವರು ರಿಸೀವರ್ ಎತ್ತಿಕೊಂಡು ನಡೆಯಲು ಶುರು ಮಾಡುತ್ತಿದ್ದರು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ತಂತಿ ಬಿಗಿದು ಕಾಲು ನಿಲ್ಲುತ್ತಿತ್ತು, ಕಾಲಿನ ಜೊತೆಗೆ ಮಾತೂ ನಿಲ್ಲುತ್ತಿತ್ತು. ತಿರುಗಿ ಈ ಕಡೆ ಬಂದರೆ ಮತ್ತೆ ನಾಲ್ಕು ಹೆಜ್ಜೆಯಷ್ಟು ಮಾತು. ಪುರಸಭೆಯ ಅಧ್ಯಕ್ಷರು ಹೀಗೆ ಹೋಗಿ ಬಂದು ಹೋಗಿ ಬಂದು ಮಂತ್ರಿಗಳಿಗೆ ಊರಿನ ನೀರಿನ ತೊಂದರೆ ವಿವರಿಸುತ್ತಿದ್ದಾಗ ತಂತಿ ಕಾಲಿಗೆ ಸುತ್ತಿಕೊಂಡು ಜಗಲಿಯಿಂದ ಬಿದ್ದರು. ಬೀಳುವಾಗ ಅಯ್ಯಯ್ಯೋ ಎಂದದ್ದು ಎಲ್ಲರಿಗೂ ಕೇಳಿಸಿತು. ನೆಲ ಮುಟ್ಟಿದ ಮೇಲೆ ಏನೂ ಕೇಳಿಸಲಿಲ್ಲ. ಮರುವಾರ ಫೋನಿನವರು ಬಂದು ಅದನ್ನು ಬಿಚ್ಚಿಕೊಂಡು ಹೋದರು.

ನಮ್ಮಲ್ಲಿ ನಿಂತವರಿಗೆ, ಕೂತವರಿಗೆ ಮಾತು ಬರುವುದಿಲ್ಲ. ನಡೆಯುತ್ತಿರುವಷ್ಟು ಹೊತ್ತು ಬರುತ್ತದೆ. ಇದರಿಂದ ನಮಗೇನೂ ಕಷ್ಟವಿರಲಿಲ್ಲ. ಮೇಷ್ಟ್ರು ಪಾಠ ಮಾಡುತ್ತ ಶಾಲೆಯ ಅಂಗಳದಲ್ಲಿ ನಡೆದರೆ ನಾವು ಹಿಂದೆ ಹಿಂದೆ ನಡೆದು ಮಗ್ಗಿ ಒಪ್ಪಿಸುತ್ತಿದ್ದೆವು. ಕೋರ್ಟಿನಲ್ಲಿ ಸಾಕ್ಷಿಗೆ ಕಟಕಟೆ ಇಲ್ಲ, ಉದ್ದನೆಯ ಒಂದು ಓಣಿ ಇದೆ. ಗಂಡಹೆಂಡಿರ ಜಗಳ ಮನೆಯಲ್ಲಿ ಶುರುವಾಗಿ ಕೆರೆಯ ಏರಿ ತಲುಪಿ, ಇಬ್ಬರಲ್ಲಿ ಒಬ್ಬರು ಸುಸ್ತಾಗಿ ಕೂತ ಮೇಲೆ ಮುಗಿಯುತ್ತದೆ. ವಯಸ್ಸಾದವರು ಸಿಟಿ ಬಸ್ಸು ಹತ್ತಿ ಕೂತು, ಊರೆಲ್ಲ ಸುತ್ತುತ್ತ ಆರಾಮವಾಗಿ ಹರಟುತ್ತಾರೆ. ನಿಲ್ದಾಣ ಬಂದಾಗ ಇಡೀ ಬಸ್ಸು ಗಪ್‌ಚಿಪ್ ಆಗಿ, ಹೊರಟ ಕೂಡಲೇ ಮಾತು ನಿಂತಲ್ಲಿಂದ ಮುಂದುವರಿಯುತ್ತದೆ. ಒಂದೇ ಒಂದು ನಮ್ಮವರಿಗೆ ಆಗುವುದಿಲ್ಲ: ನೆಟ್ಟಗೆ ನಡೆಯದೆ, ಇದ್ದಲ್ಲೇ ಸಣ್ಣ ಸುತ್ತು ಹಾಕಿಕೊಂಡು ಮಾತಾಡುವುದು. ಹಾಗೆ ಸುತ್ತಿ ಬಳಸಿ ಮಾತಾಡುವವನು ಸುಳ್ಳುಗಾರ ಎಂದೇ ಲೆಕ್ಕ. ಸುತ್ತು ಹಾಕಿ ಹೇಳಿದ ಸಾಕ್ಷಿಯನ್ನು ಕೋರ್ಟು ಒಪ್ಪುವುದಿಲ್ಲ. ಹೆಣ್ಣು ನೋಡಲು ಬಂದ ಗಂಡು ಅಂಗಳದಲ್ಲಿ ಸ್ವಲ್ಪ ಬಾಗಿ ನಡೆದರೂ ಸಂಬಂಧ ಮುರಿದು ಬೀಳುತ್ತದೆ.

ನಾನು ಕೆಲಸ ಮಾಡುವುದು ಒಂದು ಕುಕ್ಕರ್ ಕಂಪನಿಯಲ್ಲಿ. ಕಂಪ್ಯೂಟರು, ಪ್ರಿಂಟರು, ವೈಫೈ ಎಲ್ಲ ನನ್ನ ಸುಪರ್ದಿ. ಕೆಳಗಡೆ ಕಾರ್ಖಾನೆ, ಮೇಲೆ ದೂರು ವಿಭಾಗ. ಸೀಟಿ ಹೊಡೆಯದ ಕುಕ್ಕರು, ಮುಚ್ಚಳ ಕಚ್ಚಿಕೊಂಡ ಕುಕ್ಕರು, ಎಲ್ಲಾ ಊರುಗಳ ಗೋಳೂ ಅಲ್ಲಿಗೆ ಪತ್ರದಲ್ಲಿ ಬರುತ್ತಿತ್ತು. ಮೂವತ್ತು ಜನ ಕೂತು ಪತ್ರದಲ್ಲೇ ಸಮಾಧಾನ ಹೇಳುತ್ತಿದ್ದರು. ಅವರ ಮುಖ್ಯಸ್ಥೆ ಕುಸುಮಕ್ಕ. ಹೀಗಿರುವಾಗ ಹೆಡ್ ಆಫೀಸಿನಿಂದ ಆರ್ಡರು ಬಂತು: ಇನ್ನು ಮುಂದೆ ಪತ್ರ ಬೇಡ, ಎಲ್ಲ ದೂರನ್ನೂ ಫೋನಿನಲ್ಲೇ ಕೇಳಬೇಕು, ಫೋನಿನಲ್ಲೇ ಉತ್ತರಿಸಬೇಕು. ತಿಂಗಳ ಕೊನೆಗೆ ಪರೀಕ್ಷೆ. ಮಾತು ಕಡಿದರೆ ವಿಭಾಗವನ್ನೇ ಬೇರೆ ಊರಿಗೆ ಸಾಗಿಸಲಾಗುವುದು.

ಮ್ಯಾನೇಜರ್ ಪದ್ಮರಾಜಯ್ಯ ಆ ಕಾಗದ ಹಿಡಿದು ನನ್ನ ಮೇಜಿನ ಮುಂದೆ ದಾಪುಗಾಲಲ್ಲಿ ಹಾದುಹೋದರು. ನಾನು ಎದ್ದು ಹಿಂದೆ ಓಡಿದೆ.

“ವಾಮನ, ಮೊಬೈಲು ಒಳಗೆ ಹಿಡಿಯಲ್ವಲ್ಲೋ!”

“ಕೆಳಗೆ ಅಷ್ಟು ಅಲ್ಯೂಮಿನಿಯಂ ತುಂಬಿದ್ರೆ ಎಲ್ಲಿ ಹಿಡಿಯತ್ತೆ ಸಾರ್. ವೈಫೈ ಮೇಲೇನೇ ಮಾತು ಓಡಿಸ್ಬೇಕು.”

“ಓಡ್ಸು ಮತ್ತೆ!”

“ನಮ್ಮ ವೈಫೈ ಕೂತವರಿಗೆ ಹಾಕಿರೋದು ಸಾರ್. ನಡೆಯೋರಿಗಲ್ಲ.”

ಅವರು ಗೋಡೆಯ ಹತ್ತಿರ ಬಂದು ನಿಂತದ್ದರಿಂದ ಅದಕ್ಕೆ ಉತ್ತರ ಕೊಡಲಿಲ್ಲ. ತಿರುಗಿದ ಮೇಲೆ, “ಯಾರನ್ನಾದ್ರೂ ಕರೆಸು,” ಎಂದರು.

ಹಾಗೆ ಬಂದವಳು ನಸ್ರೀನ್, ಹೊರಗಿನ ಊರಿನ ಇಂಜಿನಿಯರು. ಬಸ್ಸಿನಿಂದ ಇಳಿಯುವಾಗ ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಿದ್ದಳು. ನೆಲಕ್ಕೆ ಕಾಲಿಟ್ಟು ನಿಂತ ಕೂಡಲೇ ಬಾಯಿ ತೆರೆದಂತೆಯೇ ಉಳಿಯಿತು. ಹೆದರಿ ಗಂಟಲು ಹಿಡಿದುಕೊಂಡಳು. ನಾನು ಅವಳ ಮುಂದೆ ಅಡ್ಡಾಡುತ್ತ, “ನಡೀರಿ ಮೇಡಂ, ನಡೀತಾ ಇದ್ರೆ ಸರಿಹೋಗತ್ತೆ,” ಎಂದೆ. ಹತ್ತು ಹೆಜ್ಜೆ ನಡೆದ ಮೇಲೆ ಅವಳು ಆಡಿದ ಮೊದಲ ಮಾತು, “ಹಾಗಾದ್ರೆ ನಿಮ್ಮೂರಲ್ಲಿ ಊಟ ಮಾಡುವಾಗ ಉಪ್ಪು ಹೇಗೆ ಕೇಳ್ತಾರೆ?” ಎಂದು. ಎದ್ದು ಹೋಗಿ ತಂದುಕೊಳ್ಳುತ್ತೇವೆ ಎಂದೆ. ಅವಳಿಗೆ ಅದು ಸಮಂಜಸವೆನಿಸಿತು. ಮಧ್ಯಾಹ್ನದ ಹೊತ್ತಿಗೆ ನಮ್ಮವರಂತೆಯೇ ನಡೆಯುತ್ತಿದ್ದಳು.

ನಮ್ಮ ಸಮಸ್ಯೆಯನ್ನು ಅವಳು ಕಾರಿಡಾರಿನಲ್ಲಿ ನಡೆಯುತ್ತ ಸರಳವಾಗಿ ಬಿಡಿಸಿ ಹೇಳಿದಳು. ಚಾವಣಿಗೆ ಅಂಟಿಸಿದ ಬಿಳಿ ಡಬ್ಬಿಗಳಿಂದ ವೈಫೈ ಬರುತ್ತದೆ. ಒಬ್ಬ ಮನುಷ್ಯ ಫೋನು ಹಿಡಿದು ನಡೆದರೆ ಒಂದು ಡಬ್ಬಿಯ ಸೀಮೆ ದಾಟಿ ಇನ್ನೊಂದರ ಸೀಮೆಗೆ ಹೋಗುತ್ತಾನೆ. ಫೋನು ಮಾತ್ರ ಹಳೆಯ ಡಬ್ಬಿಯನ್ನು ಬಿಡದೆ ಹಿಡಿದುಕೊಂಡಿರುತ್ತದೆ. ಬಿಟ್ಟು ಹೊಸದನ್ನು ಹಿಡಿಯುವ ಆ ಗಳಿಗೆಯಲ್ಲಿ ಮಾತು ಕಡಿಯುತ್ತದೆ. ಡಬ್ಬಿಗಳು ಹತ್ತಿರ ಹತ್ತಿರ ಇರಬೇಕು, ಆದರೆ ಒಂದರ ಮೇಲೊಂದು ಕೂಗಾಡಬಾರದು. ಇನ್ನೊಂದು ವಿಷಯ, ಮಾತಿಗೆ ಮೊದಲು ದಾರಿ ಕೊಡಬೇಕು. “ಇಮೇಲ್ ಅರ್ಧ ನಿಮಿಷ ತಡವಾದ್ರೆ ಯಾರೂ ಸಾಯಲ್ಲ. ಮಾತು ಅರ್ಧ ಸೆಕೆಂಡು ತಡವಾದ್ರೆ ಜಗಳ ಆಗತ್ತೆ,” ಎಂದಳು.

ಇದು ಪದ್ಮರಾಜಯ್ಯನವರಿಗೆ ಬಹಳ ಹಿಡಿಸಿತು. ಅವರು ಅದನ್ನು ಡಬ್ಬಿಗಳಿಗೆ ಮಾತ್ರ ಬಿಡದೆ ಮನುಷ್ಯರಿಗೂ ಜಾರಿ ಮಾಡಿದರು. ಮಾತಾಡುತ್ತ ಬರುವವರನ್ನು ಕಂಡರೆ ಟೀ ಗಾಡಿ ಗೋಡೆಗೆ ಒತ್ತಿಕೊಳ್ಳಬೇಕು, ಫೈಲು ಹೊತ್ತವರು ಬಾಗಿಲೊಳಗೆ ಸರಿಯಬೇಕು, ಶೌಚಾಲಯಕ್ಕೆ ಹೋಗುವವರು ಅರ್ಜೆಂಟ್ ಇದ್ದರೆ ಮಾತಾಡಿಕೊಂಡು ಹೋಗಬೇಕು. ಆಮೇಲೆ ಎಲ್ಲರಿಗೂ ಏಕಮುಖ ದಾರಿ ಮಾಡಿ ನೆಲಕ್ಕೆ ಹಳದಿ ಬಾಣ ಬಳಿಸಿದರು: ಮೇಜಿನಿಂದ ಎದ್ದು ಉದ್ದ ಕಾರಿಡಾರು, ಮೆಟ್ಟಿಲ ಮೂಲೆ, ಅದೇ ಮಹಡಿಯ ಗೋಡೌನಿನ ಹಿಂಭಾಗ, ಮತ್ತೆ ಮೇಜು. ಮಧ್ಯೆ ತಿರುಗಿ ಬರುವಂತಿಲ್ಲ. ತಿರುಗುವಾಗ ಮಾತು ತುಂಡಾಗುತ್ತದಲ್ಲ.

ಕುಸುಮಕ್ಕ ಮಾತ್ರ ಈ ಯಾವ ಬಾಣಕ್ಕೂ ಸೇರಲಿಲ್ಲ. ಕಾರ್ಖಾನೆಯ ಮೆಟ್ಟಿಲ ಮೇಲಿಂದ ಬಿದ್ದ ದಿನದಿಂದ ಅವರಿಗೆ ಕಾಲಿನಲ್ಲಿ ಸ್ವಾಧೀನವಿಲ್ಲ, ಎಡಗೈಯೂ ಅಷ್ಟಕ್ಕಷ್ಟೇ. ಗಾಲಿಕುರ್ಚಿಯಲ್ಲಿ ಇರುತ್ತಾರೆ. ಯಾರಾದರೂ ತಳ್ಳಿದರೆ ಮಾತು ಬರುತ್ತದೆ, ಬಿಟ್ಟರೆ ಇಲ್ಲ. ಕುರ್ಚಿ ಬಸ್ಸಿಗೆ ಹತ್ತುವುದಿಲ್ಲ. ಬೆಳಿಗ್ಗೆ ಗಂಡ ಮಹಾಬಲಣ್ಣ ತಳ್ಳಿಕೊಂಡು ಬಂದು, ಸರಕಿನ ಲಿಫ್ಟಿನಲ್ಲಿ ಮೇಲೆ ತಂದು ಬಿಟ್ಟು, ಸಂಜೆ ಬಂದು ಕರೆದುಕೊಂಡು ಹೋಗುತ್ತಾರೆ. ಮಹಾಬಲಣ್ಣ ಕೆಟ್ಟವರೇನಲ್ಲ. ನಾಲೆ ಕಚೇರಿಯಿಂದ ನಿವೃತ್ತರಾದವರು, ಸೊಂಟನೋವಿನ ಮನುಷ್ಯ. ಮನೆಯಲ್ಲಿ ಅಡುಗೆ, ಪಾತ್ರೆ ಎಲ್ಲ ಅವರದೇ. ಆದರೆ ತಳ್ಳುವಾಗ, “ಮುಖ್ಯವಾದದ್ದು ಹೇಳು ಕುಸುಮ,” ಎನ್ನುವರು. ಔಷಧಿ ಮುಗಿದಿದೆ ಎಂದರೆ ಕುರ್ಚಿ ಮುಂದಕ್ಕೆ ಹೋಗುತ್ತಿತ್ತು. ಎದುರುಮನೆಯವರ ಹೊಸ ಪರದೆ ಥೇಟ್ ನನ್ನ ಹಳೇ ಸೀರೆ ಬಣ್ಣ ಎಂದು ಶುರು ಮಾಡಿದರೆ “ಹಳೇ ಸೀ” ಎನ್ನುವಷ್ಟರಲ್ಲಿ ನಿಂತುಬಿಡುತ್ತಿತ್ತು. ಅಷ್ಟು ಸಣ್ಣ ವಿಷಯಕ್ಕೆ ಸೊಂಟ ಯಾಕೆ ನೋಯಿಸಿಕೊಳ್ಳಬೇಕು ಎನ್ನುವುದು ಅವರ ವಾದ. ಊರಿನವರಿಗೂ ಅದು ಸರಿಯೆನ್ನಿಸುತ್ತಿತ್ತು. ಯಾರೇ ತಳ್ಳಿದರೂ ಹಾಗೆಯೇ ಮಾಡುತ್ತಿದ್ದರು.

ಕುಸುಮಕ್ಕನನ್ನು ಸ್ಟೋರಿಗೆ ಹಾಕುವುದೆಂದು ಪದ್ಮರಾಜಯ್ಯ ತೀರ್ಮಾನಿಸಿದ್ದರು. ಅಲ್ಲಿ ಗ್ಯಾಸ್ಕೆಟ್ ಎಣಿಸುವ ಕೆಲಸ, ಮಾತು ಬೇಕಿಲ್ಲ. ಕುಸುಮಕ್ಕ ಒಂದು ಚೀಟಿಯಲ್ಲಿ “ನಾನು ಹೋಗುವುದಿಲ್ಲ” ಎಂದು ಬರೆದು ಮ್ಯಾನೇಜರ ಮೇಜಿನ ಮೇಲೆ ಇಟ್ಟರು. ಪದ್ಮರಾಜಯ್ಯ ನನ್ನನ್ನು ಕರೆದು ನಡೆಸಿಕೊಂಡು ಹೋಗಿ, “ಏನಪ್ಪ ಮಾಡ್ಲಿ? ಒಬ್ರು ಮಾತಾಡಕ್ಕೆ ಇನ್ನೊಬ್ರು ತಳ್ಳಬೇಕು ಅಂದ್ರೆ ಎರಡು ಸಂಬಳ,” ಎಂದರು. ನಾನು ನಿಂತುಕೊಂಡೆ.

ಅಷ್ಟರಲ್ಲಿ ಪರೀಕ್ಷೆಗೆ ಮುಂಚಿನ ಅಳತೆ ಶುರುವಾಯಿತು. ಯಾರಾದರೂ ಒಬ್ಬರು ಫೋನಿನಲ್ಲಿ ಎಡೆಬಿಡದೆ ಮಾತಾಡುತ್ತ ಕಟ್ಟಡವೆಲ್ಲ ಸಾಗಬೇಕು. ಮಡಿಲಲ್ಲಿ ಲ್ಯಾಪ್‌ಟಾಪು ಸಿಗ್ನಲ್ ಬರೆದುಕೊಳ್ಳುತ್ತ ಹೋಗಬೇಕು. ನಸ್ರೀನ್ ಹೊರಗೆ ಗೇಟಿನ ಬಳಿ ನಿಂತು ಕೇಳುತ್ತ, ಎಲ್ಲಿ ಮಾತು ಕಡಿಯಿತೋ ನಕ್ಷೆಯಲ್ಲಿ ಗುರುತು ಹಾಕಬೇಕು. ಕೇಳುವುದಕ್ಕೆ ನಡೆಯಬೇಕಾಗಿಲ್ಲ. ನಡೆಯುವವರಿಗೆ ಮಡಿಲೆಲ್ಲಿ? ನಾನು ಕುಸುಮಕ್ಕನ ಕುರ್ಚಿಯ ಕಡೆ ನೋಡಿದೆ. ನಸ್ರೀನ್ ಕೂಡ ನೋಡಿದಳು.

ಕುಸುಮಕ್ಕನ ಮಡಿಲಲ್ಲಿ ಲ್ಯಾಪ್‌ಟಾಪು, ಕಿವಿಗೆ ಹೆಡ್‌ಫೋನು. ನಾನು ತಳ್ಳತೊಡಗಿದೆ. ಮೊದಲು ಅವರು ಆಫೀಸಿನ ನಿಯಮಾವಳಿಯನ್ನು ಹೇಳುವಂತೆ ಗಂಭೀರವಾಗಿ, “ನಮಸ್ಕಾರ, ನಾನು ಕುಸುಮಾವತಿ, ನನ್ನ ಮಾತು ಕೇಳ್ತಾ ಇದ್ಯಾ,” ಎಂದರು. ಕುರ್ಚಿ ನಿಲ್ಲಲಿಲ್ಲ. ಮತ್ತೊಮ್ಮೆ ಅದನ್ನೇ ಹೇಳಿದರು. ಆಗಲೂ ನಿಲ್ಲಲಿಲ್ಲ. ತಲೆಯೆತ್ತಿ ನನ್ನ ಮುಖ ನೋಡಿದರು.

“ಏನ್ ಹೇಳ್ಬೇಕೋ ವಾಮನ?”

“ಏನಾದ್ರೂ ಹೇಳಿ ಅಕ್ಕ. ನಿಲ್ಲಿಸ್ಬೇಡಿ ಅಷ್ಟೆ.”

“ಏನಾದ್ರೂನಾ?”

ಕಾರಿಡಾರಿನ ಕೊನೆಯವರೆಗೂ ಅವರು ಸುಮ್ಮನಿದ್ದರು. ನಸ್ರೀನ್ ಆ ಭಾಗವನ್ನೆಲ್ಲ ಸಿಗ್ನಲ್ ಇಲ್ಲವೆಂದು ಗುರುತು ಹಾಕಿಕೊಂಡಳಂತೆ. ಆಮೇಲೆ ಶುರುವಾಯಿತು. ಎದುರುಮನೆಯ ಪರದೆಯ ಬಣ್ಣ, ತಂಗಿಯ ಮದುವೆಯಲ್ಲಿ ಪಾಯಸಕ್ಕೆ ಸಕ್ಕರೆ ಬದಲು ಏನೋ ಬಿದ್ದದ್ದು, ಚಿಕ್ಕಪ್ಪನ ಕಿವಿಯಲ್ಲಿ ಕೂದಲು ಬೆಳೆದ ರೀತಿ, ಡಾಕ್ಟರ ಚಪ್ಪಲಿ ಎರಡೂ ಎಡಗಾಲಿನದೇ ಎಂಬ ಅನುಮಾನ. ನಾನು ಕಟ್ಟಡವನ್ನು ಎಷ್ಟು ಸಲ ಸುತ್ತಿದೆನೋ ನನಗೆ ಗೊತ್ತಿಲ್ಲ. ಸಂಜೆ ನಸ್ರೀನ್ ಧಾವಿಸಿ ಬಂದಳು. ಸಿಗ್ನಲ್ ವಿಷಯ ಎಂದುಕೊಂಡೆ. ಕುರ್ಚಿಯ ಪಕ್ಕದಲ್ಲಿ ಹೆಜ್ಜೆ ಹಾಕುತ್ತ, “ಅಕ್ಕ, ಮೆಟ್ಟಿಲ ಮೂಲೆಯಲ್ಲಿ ಮಾತು ಕಡೀತು. ಪಾಯಸದಲ್ಲಿ ಬಿದ್ದದ್ದು ಏನು?” ಎಂದಳು.

“ರಂಗೋಲಿ ಪುಡಿ ಕಣೇ!” ಎಂದು ಕುಸುಮಕ್ಕ ನಕ್ಕ ನಗು ಗೋಡೌನಿನ ಅಲ್ಯೂಮಿನಿಯಂ ಹಾಳೆಗಳನ್ನೆಲ್ಲ ಅದುರಿಸಿತು.

ಮೆಟ್ಟಿಲ ಮೂಲೆಗೆ ಹೊಸ ಡಬ್ಬಿ ಹಾಕಿದೆವು. ಗೋಡೌನಿಗೆ ಎರಡು ಹಾಕಿದೆವು. ಅಕ್ಕಪಕ್ಕದವು ಕೂಗಾಡದಂತೆ ಒಂದೊಂದಕ್ಕೂ ಬೇರೆ ಚಾನೆಲ್ ಕೊಟ್ಟೆವು. ಮತ್ತೆ ತಳ್ಳಿದೆ, ಮತ್ತೆ ಹೇಳಿದರು. ಪರದೆ, ಪಾಯಸ, ಚಿಕ್ಕಪ್ಪ, ಎಲ್ಲೂ ಕಡಿಯಲಿಲ್ಲ. ಆ ದಿನಗಳಲ್ಲಿ ಕುಸುಮಕ್ಕನ ಮುಖದ ಬಣ್ಣವೇ ಬೇರೆಯಾಗಿತ್ತು. ಪರೀಕ್ಷೆಯ ದಿನ ನಾನೇ ಅವರನ್ನು ತಳ್ಳುತ್ತೇನೆ, ಒಂದು ಫೋನು ಅವರಿಗೂ ಕೊಡಿ ಎಂದು ಪದ್ಮರಾಜಯ್ಯನವರನ್ನು ಊಟದ ಮನೆಯವರೆಗೆ ಹಿಂಬಾಲಿಸಿ ಕೇಳಿಕೊಂಡೆ. “ಅವತ್ತು ಒಂದಿನ. ಮಾರನೇ ದಿನ ಸ್ಟೋರು,” ಎಂದು ಹೇಳಿ ಅವರು ಊಟಕ್ಕೆ ಕೂತುಬಿಟ್ಟರು.

ಪರೀಕ್ಷೆಯ ದಿನ ಹೆಡ್ ಆಫೀಸಿನವರು ಗ್ರಾಹಕರ ಸೋಗು ಹಾಕಿಕೊಂಡು ಒಟ್ಟಿಗೇ ಎಲ್ಲ ಫೋನಿಗೂ ಕರೆ ಮಾಡಿದರು. ಕುಸುಮಕ್ಕನೊಬ್ಬರನ್ನು ಬಿಟ್ಟು ಇಪ್ಪತ್ತೊಂಬತ್ತು ಜನ ಒಟ್ಟಿಗೇ ಎದ್ದು, ಹಳದಿ ಬಾಣ ಹಿಡಿದು, ಒಟ್ಟಿಗೇ ಕಾರಿಡಾರಿಗೆ ಇಳಿದರು. ಎಲ್ಲರೂ “ನಮಸ್ಕಾರ, ನಿಮ್ಮ ಕುಕ್ಕರಿಗೆ ಏನಾಗಿದೆ” ಎನ್ನುತ್ತ ಜಾತ್ರೆಯ ಜನದಂತೆ ಸಾಗಿ ಒಟ್ಟಿಗೇ ಮೆಟ್ಟಿಲ ಮೂಲೆಗೆ ಬಂದರು. ಅಷ್ಟೂ ಫೋನುಗಳು ಅದೇ ಗಳಿಗೆಯಲ್ಲಿ ಹಳೇ ಡಬ್ಬಿ ಬಿಟ್ಟು ಆ ಒಂದೇ ಹೊಸ ಡಬ್ಬಿಗೆ ಜೋತುಬಿದ್ದವು. ನಾವು ಅಳತೆ ಮಾಡಿದ್ದು ಒಬ್ಬರನ್ನು ತಳ್ಳಿಕೊಂಡು. ಡಬ್ಬಿ ಏದುಸಿರು ಬಿಟ್ಟು ಕೈಚೆಲ್ಲಿತು. ಮುಂದಿದ್ದವರು “ಹಲೋ ಹಲೋ” ಎಂದು ಗಾಬರಿಯಾಗಿ ನಿಂತರು. ನಿಂತದ್ದರಿಂದ ಹಲೋ ಕೂಡ ಹೋಯಿತು. ಹಿಂದಿದ್ದವರು ಅವರಿಗೆ ಡಿಕ್ಕಿ ಹೊಡೆದು ನಿಂತರು. ಮೂಲೆಯಲ್ಲಿ ಅಷ್ಟೂ ಜನ ಬಾಯಿ ಆಡಿಸುತ್ತ, ಸದ್ದಿಲ್ಲದೆ, ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು ನಿಂತರು. ಪದ್ಮರಾಜಯ್ಯ ನಡುವೆ ಸಿಕ್ಕಿಕೊಂಡು ಬಯ್ಯಲೂ ಆಗದೆ ಕೆಂಪಾಗಿದ್ದರು.

ನಾನು ಕುಸುಮಕ್ಕನನ್ನು ತಳ್ಳಿಕೊಂಡು ಇನ್ನೂ ಕಾರಿಡಾರಿನ ಶುರುವಿನಲ್ಲಿದ್ದೆ. ಅವರಿಗೆ ಒಬ್ಬ ಗಂಡಸಿನ ಕರೆ ಬಂದಿತ್ತು, ಮುಚ್ಚಳ ಕಚ್ಚಿಕೊಂಡಿದೆಯಂತೆ. ಅಷ್ಟರಲ್ಲಿ ನಸ್ರೀನ್ ದೂರದಿಂದ ಓಡುತ್ತ, “ವಾಮನ, ಮೂಲೆಯ ಡಬ್ಬಿ!” ಎಂದು ಕೂಗಿದಳು. ನಾನು ಯೋಚಿಸಲಿಲ್ಲ. ಕುರ್ಚಿ ಬಿಟ್ಟು ಓಡಿದೆ. ಹತ್ತು ಹೆಜ್ಜೆ ಹೋದ ಮೇಲೆ ಏನು ಮಾಡಿದೆನೆಂದು ಹೊಳೆದು ತಿರುಗಿ ನೋಡಿದೆ.

ಕುಸುಮಕ್ಕ ಬಾಯಿ ತೆರೆದು ಕೂತಿದ್ದರು. ಕಿವಿಯ ಹೆಡ್‌ಫೋನಿನಲ್ಲಿ ಆ ಮನುಷ್ಯ ಏನೋ ಕೂಗುತ್ತಿದ್ದದ್ದು ನನ್ನವರೆಗೂ ಕೇಳಿಸಿತು. ಅವರು ನನ್ನ ಕಡೆ ನೋಡಿದರು, ಖಾಲಿ ಕಾರಿಡಾರು ನೋಡಿದರು. ಆಮೇಲೆ ಬಲಗೈಯಿಂದ ಬಲಗಡೆಯ ಗಾಲಿಯನ್ನು ಹಿಡಿದು ಜೋರಾಗಿ ತಳ್ಳಿದರು. ಒಂದೇ ಗಾಲಿ ತಳ್ಳಿದರೆ ಕುರ್ಚಿ ಎಲ್ಲಿಗೂ ಹೋಗುವುದಿಲ್ಲ. ಇದ್ದಲ್ಲೇ ಒಂದು ಸುತ್ತು ಬರುತ್ತದೆ. ಆ ಕೈ ಅವರಿಗೆ ಮೊದಲಿಂದಲೂ ಇತ್ತು. ಆದರೆ ಊರಿನ ಮರ್ಯಾದಸ್ಥ ಹೆಂಗಸು, ದೂರು ವಿಭಾಗದ ಮುಖ್ಯಸ್ಥೆ, ಸುತ್ತು ಹಾಕಿ ಮಾತಾಡುವುದೆಂದರೇನು? ಅವರ ಕಿವಿಯವರೆಗೂ ನಾಚಿಕೆ ಏರಿದ್ದು ನನಗೆ ಅಲ್ಲಿಂದಲೇ ಕಂಡಿತು.

“ಕೇಳ್ತಾ ಇದೆ ಹೇಳಿ,” ಎಂದರು. ಇನ್ನೊಮ್ಮೆ ತಳ್ಳಿದರು. “ಗ್ಯಾಸ್ ಆರ್ಸಿದೀರಾ? ಒಳ್ಳೇದು. ಅದನ್ನ ಮುಟ್ಟಬೇಡಿ. ಆವಿ ಪೂರ್ತಿ ಹೋಗ್ಲಿ. ಅಲ್ಲೀವರ್ಗೂ ನನ್ನ ಜೊತೆ ಮಾತಾಡ್ತಾ ಇರಿ. ಒಳಗೇನಿದೆ? ಹುರುಳಿಕಾಳಾ? ನೆನೆಸಿದ್ರಾ?”

ಎಡಕ್ಕೆ ಸುತ್ತಿ ತಲೆ ತಿರುಗಿದಾಗ ಗಾಲಿಯನ್ನು ಹಿಂದಕ್ಕೆ ಎಳೆದು ಬಲಕ್ಕೆ ಸುತ್ತಿದರು. ಹುರುಳಿಯಿಂದ ಆ ಮನುಷ್ಯನ ಹೆಂಡತಿಯ ತವರಿಗೆ ಹೋದರು, ಅಲ್ಲಿಂದ ಮಕ್ಕಳ ಶೀತಕ್ಕೆ ಬಂದರು. ಅವರು ಇದ್ದದ್ದು ಒಂದೇ ಡಬ್ಬಿಯ ಕೆಳಗೆ. ಫೋನಿಗೆ ಯಾವುದನ್ನೂ ಬಿಡುವ, ಯಾವುದನ್ನೂ ಹಿಡಿಯುವ ಪ್ರಸಂಗವೇ ಬರಲಿಲ್ಲ. ಮಾತು ಗಾಜಿನ ಹಾಗೆ ಸ್ವಚ್ಛವಾಗಿ ಹರಿಯಿತು. ಮೂಲೆಯಲ್ಲಿ ಬಿಡಿಸಿಕೊಂಡು ಬಂದ ಸಿಬ್ಬಂದಿ ಗೋಡೆಗೆ ಒತ್ತಿಕೊಂಡು ನಿಂತು ನೋಡಿದರು. ಒಬ್ಬಿಬ್ಬರು ನಾಚಿ ಮುಖ ತಿರುಗಿಸಿಕೊಂಡರು.

ಸಂಜೆಗೆ ಹೆಡ್ ಆಫೀಸಿನ ತೀರ್ಪು ಬಂತು. ಇಪ್ಪತ್ತೊಂಬತ್ತು ಕರೆಗಳು ಕಡಿದವು. ಒಂದು ಕರೆ ಮಾತ್ರ ಕಡಿಯಲಿಲ್ಲ, ಆ ಸಿಬ್ಬಂದಿ ಯಾವ ಪದ್ಧತಿ ಅನುಸರಿಸಿದರೋ ಎಲ್ಲರೂ ಅದನ್ನೇ ಅನುಸರಿಸತಕ್ಕದ್ದು, ಇನ್ನೊಂದು ಅವಕಾಶ ಕೊಟ್ಟಿದ್ದೇವೆ. ಪದ್ಮರಾಜಯ್ಯ ಕಾರಿಡಾರಿನಲ್ಲಿ ಗುಡುಗುತ್ತ ನಡೆದರು. “ನನ್ನ ಆಫೀಸಲ್ಲಿ ಸುತ್ತೋದಾ? ನನ್ನ ಮಗಳ ಮದುವೆ ಇನ್ನೂ ಆಗಿಲ್ಲ! ಊರು ಏನನ್ನತ್ತೆ?”

ನಸ್ರೀನ್ ಅವರ ಪಕ್ಕದಲ್ಲಿ ಹೆಜ್ಜೆ ಸೇರಿಸಿದಳು. “ಫೋನಿನಲ್ಲಿ ಕಾಣತ್ತಾ ಸರ್?”

“ಏನು?”

“ಸುತ್ತೋದು.”

ಅವರು ನಿಂತರು. ಆಮೇಲೆ ಒಂದು ಹೆಜ್ಜೆ ಮುಂದಿಟ್ಟು, “ಕಿಟಕಿಗೆ ಪರದೆ ಹಾಕ್ಸು,” ಎಂದರು.

ಹಳದಿ ಬಾಣಗಳನ್ನು ಕೆರೆದು ತೆಗೆದೆವು. ಡಬ್ಬಿಗಳನ್ನೆಲ್ಲ ಬಿಚ್ಚಿ, ಮೇಜುಗಳ ಗುಂಪಿಗೊಂದರಂತೆ ಮತ್ತೆ ಹಾಕಿದೆವು. ಪ್ರತಿಯೊಂದರ ದನಿ ತಗ್ಗಿಸಿದೆವು. ಮೊದಲ ದಿನ ಸುತ್ತಲು ಯಾರೂ ಏಳಲಿಲ್ಲ. ಫೋನುಗಳು ಹೊಡೆದುಕೊಂಡೇ ಇದ್ದವು. ಕುಸುಮಕ್ಕ ನಡುವೆ ಕುರ್ಚಿ ತಿರುಗಿಸುತ್ತ, “ಏಳ್ರೇ, ಹೊಟ್ಟೆಗೇನು ನಾಚಿಕೇನೇ ತಿಂತೀರಾ?” ಎಂದು ಗದರಿದ ಮೇಲೆ ಒಬ್ಬೊಬ್ಬರಾಗಿ ಎದ್ದು, ಕಣ್ಣು ಮುಚ್ಚಿಕೊಂಡು, ತಮ್ಮ ತಮ್ಮ ಕುರ್ಚಿಗೆ ಪ್ರದಕ್ಷಿಣೆ ಹಾಕತೊಡಗಿದರು. ಎರಡನೇ ಪರೀಕ್ಷೆಯಲ್ಲಿ ಒಂದು ಮಾತೂ ಕಡಿಯಲಿಲ್ಲ. ಇಬ್ಬರಿಗೆ ವಾಂತಿಯಾಯಿತು, ಅಷ್ಟೇ. ಸ್ಟೋರಿನ ಸುದ್ದಿಯನ್ನು ಪದ್ಮರಾಜಯ್ಯ ಮತ್ತೆ ಎತ್ತಲಿಲ್ಲ.

ಆ ಸಂಜೆ ಎಲ್ಲರೂ ಹೋದ ಮೇಲೆ ಮಹಾಬಲಣ್ಣ ಹೆಂಡತಿಯನ್ನು ಕರೆದೊಯ್ಯಲು ಮೇಲೆ ಬಂದರು. ಅವರಿಗೆ ವಿಷಯ ಯಾರೂ ಹೇಳಿರಲಿಲ್ಲ, ಹೇಗೆ ಹೇಳುವುದು? ಬಾಗಿಲಲ್ಲೇ ನಿಂತುಬಿಟ್ಟರು. ಕುಸುಮಕ್ಕ ಕೊನೆಯ ಕರೆಯಲ್ಲಿದ್ದರು. ಯಾವುದೋ ದೂರದ ಊರಿನ ಹೆಂಗಸು. ಕುಕ್ಕರಿನಲ್ಲಿ ಎಷ್ಟು ಸೀಟಿ ಹೊಡೆಸಿದರೂ ಗೊಜ್ಜಿನ ಬದನೆಕಾಯಿ ಬೇಯುತ್ತಿಲ್ಲವಂತೆ. ಕುಸುಮಕ್ಕ ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು ಹೊಡೆಯುತ್ತ ಅವಳ ಸೊಸೆಯ ವಿಚಾರ, ಮೈಸೂರು ಬದನೆಗೂ ಗುಂಡು ಬದನೆಗೂ ಇರುವ ವ್ಯತ್ಯಾಸ, ಮೆಣಸಿನಕಾಯಿಯ ಬಣ್ಣ ಎಲ್ಲ ಮಾತಾಡುತ್ತಿದ್ದರು. ಗಂಡನನ್ನು ಕಂಡರೂ ನಿಲ್ಲಿಸಲಿಲ್ಲ. ಬೆಂಚಿನ ಕಡೆ ಕಣ್ಣಿನಿಂದಲೇ ತೋರಿಸಿದರು.

ಮಹಾಬಲಣ್ಣ ಕೂತರು. ತಲೆ ತಗ್ಗಿಸಿ, ಕೈ ಮೊಣಕಾಲ ಮೇಲಿಟ್ಟುಕೊಂಡು, ಹೆಂಡತಿ ಸುತ್ತಿ ಬಳಸಿ ಮಾತಾಡುವುದನ್ನು ಕೇಳಿದರು. ಅವರ ಮುಖ ನೋಡಲು ನನಗೆ ಧೈರ್ಯವಾಗದೆ ಒಂದು ಕೇಬಲ್ಲನ್ನು ಸುಮ್ಮನೆ ಸುತ್ತುತ್ತ ಕೂತೆ.

“ಹುಣಸೇಹಣ್ಣು ಯಾವಾಗ ಹಾಕ್ತೀರಿ?” ಎಂದು ಕುಸುಮಕ್ಕ ಕೇಳಿದರು. “ಮೊದಲೇ ಹಾಕ್ತೀರಾ? ಸರಿ ಸರಿ, ಮೊದಲೇ ಹಾಕ್ಬೇಕು. ಆಗಲೇ ಹುಳಿ ಹಿಡಿಯೋದು.”

ಮಹಾಬಲಣ್ಣ ತಟ್ಟನೆ ತಲೆಯೆತ್ತಿದರು. ಕೈ ಅಲ್ಲಾಡಿಸಿದರು. ಕುಸುಮಕ್ಕ ನೋಡಲಿಲ್ಲ. ಬೆಂಚು ಬಡಿದರು. ಕುಸುಮಕ್ಕ ಮೊದಲೇ, ಮೊದಲೇ ಎನ್ನುತ್ತ ಇನ್ನೊಂದು ಸುತ್ತು ಹೋದರು. ಮಹಾಬಲಣ್ಣ ಸೊಂಟ ಹಿಡಿದುಕೊಂಡು ಎದ್ದರು. ಬಾಗಿಲ ಕಡೆ ನೋಡಿದರು, ಪರದೆ ಎಳೆದ ಕಿಟಕಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ನಾನು ಕೇಬಲ್ಲಿನ ಮೇಲೆ ಬಗ್ಗಿದೆ. ಆಮೇಲೆ ಆ ಮನುಷ್ಯ ಪಂಚೆಯ ತುದಿ ಎತ್ತಿಕೊಂಡು ಹೆಂಡತಿಯ ಕುರ್ಚಿಯ ಸುತ್ತ ನಡೆಯಲು ಶುರು ಮಾಡಿದರು.

“ಮೊದಲೇ ಅಲ್ಲ ಕಣೇ, ಕೊನೇಲಿ! ಹುಳಿ ಮೊದಲೇ ಬಿದ್ರೆ ಬದನೆ ಗಟ್ಟಿಯಾಗತ್ತೆ, ಸೌದೆ ಥರ. ನೀನು ಅಡುಗೆ ಮಾಡಿ ಎಷ್ಟು ದಿವಸ ಆಯ್ತು? ಫೋನಿಲ್ಲಿ ಕೊಡು.”

“ಯಾಕೆ ಕೊಡ್ಲಿ? ನಾನೇ ಹೇಳ್ತೀನಿ. ಅಮ್ಮ, ನಮ್ಮ ಯಜಮಾನ್ರು ಬಂದಿದಾರೆ, ಹುಣಸೆ ಕೊನೇಲಂತೆ...”

“ಬೆಲ್ಲಾನೂ ಕೊನೇಲೇ ಅನ್ನು!”

“ಬೆಲ್ಲಾನೂ ಅಂತೆ. ನಿಮ್ಮ ಕಡೆ ಬೆಲ್ಲ ಹಾಕ್ತೀರಾ? ಹಾಕಲ್ವಾ? ರೀ, ಅವರ ಕಡೆ ಬೆಲ್ಲಾನೇ ಹಾಕಲ್ವಂತೆ!”

“ಬೆಲ್ಲ ಹಾಕ್ದೆ ಅದೆಂಥಾ ಗೊಜ್ಜು? ಕೇಳು, ಒಗ್ಗರಣೆಗೆ ಏನು ಹಾಕ್ತಾರೆ ಕೇಳು.”